ಕೊಲಂಬಸ್‌ನಲ್ಲಿ ಕಂಡ ಪೈಲ್ವಾನ್

ಕಾಲೇಜು ದಿನಗಳ ಬಗ್ಗೆ ಬರೆಯಿರಿ ಎಂದು ಸಂಚಿಕೆಯವರು ಕೇಳಿದಾಗ ನನಗೆ ತರಗತಿ ನೆನಪಾಗಲಿಲ್ಲ. ಲ್ಯಾಬ್‌ಗೆ ಚಕ್ಕರ್ ಹೊಡೆದು ಮೈಸೂರಿನ ದೊಡ್ಡಕೆರೆ ಮೈದಾನಕ್ಕೆ ದಸರಾ ಕುಸ್ತಿ ನೋಡಲು ಓಡುತ್ತಿದ್ದದ್ದು ನೆನಪಾಯಿತು. ನನ್ನ ಸೋದರಮಾವ ಗರಡಿಯಲ್ಲಿ ಸಾಮು ಮಾಡಿದವರು. ಪಕ್ಕದಲ್ಲಿ ಕೂತು ಒಂದೊಂದು ಪಟ್ಟಿನ ಹೆಸರೂ ಹೇಳುತ್ತಿದ್ದರು. ಆ ಚಾಳಿ ನನ್ನ ಜೊತೆ ಅಮೆರಿಕಕ್ಕೂ ಬಂತು.

2014ರಲ್ಲಿ ಎಂ.ಎಸ್. ಓದಲು ಕೊಲಂಬಸ್‌ನ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯ ಸೇರಿದೆ. ರೂಮ್‌ಮೇಟ್‌ನ ಒಂದು ಕಿವಿ ಮುದುಡಿ ಗಂಟು ಕಟ್ಟಿತ್ತು. ನೋಡಿದ ತಕ್ಷಣ ‘ಕುಸ್ತಿ ಮಾಡ್ತೀಯಾ?’ ಎಂದು ಕೇಳಿದೆ. ಅವನಿಗೆ ಆಶ್ಚರ್ಯ. ನಮ್ಮ ನಜರಬಾದಿನ ಪೈಲ್ವಾನರಿಗೂ ಅಂಥ ಕಿವಿಗಳಿವೆ ಅಂದೆ. ಆವತ್ತಿನಿಂದ ದೋಸ್ತಿ ಆಯಿತು. ಕೈಲ್ ಸ್ನೈಡರ್ ಎಂಬ ಹೆಸರು ನಾನು ಮೊದಲು ಕೇಳಿದ್ದು ಅವನ ಬಾಯಲ್ಲೇ.

ಸ್ನೈಡರ್ ಕೂಡ ಅದೇ ವರ್ಷ ಸೇರಿದ್ದ. ಮೇರಿಲ್ಯಾಂಡ್ ರಾಜ್ಯದ ಹುಡುಗ. ಅಲ್ಲಿನ ಗುಡ್ ಕೌನ್ಸೆಲ್ ಶಾಲೆಯಲ್ಲಿ ಮೂರು ವರ್ಷ ಕುಸ್ತಿ ಮಾಡಿ 179 ಪಂದ್ಯ ಗೆದ್ದಿದ್ದ. ಸೋತದ್ದು ಸೊನ್ನೆ! ಶಾಲೆಯ ಕೊನೆಯ ವರ್ಷ ಕೊಲರಾಡೊ ಸ್ಪ್ರಿಂಗ್ಸ್‌ನ ಒಲಿಂಪಿಕ್ ತರಬೇತಿ ಕೇಂದ್ರಕ್ಕೆ ಹೋಗಿ ದೊಡ್ಡವರ ಜೊತೆ ಹೊಡೆದಾಡಿ ಕಲಿತ. 2013ರಲ್ಲೇ ಬಲ್ಗೇರಿಯಾದ ಸೋಫಿಯಾದಲ್ಲಿ ಜೂನಿಯರ್ ವಿಶ್ವ ಚಾಂಪಿಯನ್ ಆಗಿದ್ದ.

ಚಳಿಗಾಲದಲ್ಲಿ ನಾವಿಬ್ಬರೂ ಕುಸ್ತಿ ನೋಡಲು ವಿಶ್ವವಿದ್ಯಾಲಯದ ಒಳಾಂಗಣ ಕ್ರೀಡಾಂಗಣ ಸೇಂಟ್ ಜಾನ್ ಅರೀನಾಗೆ ಹೋಗುತ್ತಿದ್ದೆವು. ಮಣ್ಣಿಲ್ಲ, ತಮಟೆ ಇಲ್ಲ, ರಬ್ಬರ್ ಮ್ಯಾಟು. ಮೊದಲ ದಿನ ನನಗೆ ಸಪ್ಪೆ ಎನಿಸಿತು. ಅಂಕದ ಲೆಕ್ಕವಂತೂ ತಲೆಗೆ ಹತ್ತಲಿಲ್ಲ. ಅಮೆರಿಕದ ಕಾಲೇಜು ಕುಸ್ತಿಯೇ ಬೇರೆ, ಒಲಿಂಪಿಕ್ಸ್‌ನ ಫ್ರೀಸ್ಟೈಲೇ ಬೇರೆ. ಕಾಲೇಜಿನಲ್ಲಿ ಎದುರಾಳಿಯನ್ನು ಕೆಳಗೆ ಒತ್ತಿ ಹಿಡಿದಿಟ್ಟರೆ ಅದಕ್ಕೂ ಅಂಕ ಉಂಟು. ಫ್ರೀಸ್ಟೈಲ್‌ನಲ್ಲಿ ಹಾಗೆ ಸುಮ್ನೆ ಹಿಡಿದುಕೊಂಡು ಕೂರುವ ಹಾಗಿಲ್ಲ. ವರ್ಷದ ಅರ್ಧ ಒಂದು ಆಟ, ಇನ್ನರ್ಧ ಮತ್ತೊಂದು. ಎರಡರಲ್ಲೂ ಮೇಲೆ ಬರುವುದು ಎಷ್ಟು ಕಷ್ಟ ಎಂದು ಆಮೇಲೆ ಗೊತ್ತಾಯಿತು.

2015ರ ಮಾರ್ಚ್. ಸೇಂಟ್ ಲೂಯಿಸ್‌ನಲ್ಲಿ ರಾಷ್ಟ್ರೀಯ ಕಾಲೇಜು ಕುಸ್ತಿ. ಮೊದಲ ವರ್ಷದಲ್ಲೇ ಸ್ನೈಡರ್ ಫೈನಲ್‌ಗೆ ಬಂದಿದ್ದ. ಎದುರಿಗೆ ಅಯೋವಾ ಸ್ಟೇಟ್‌ನ ಕೈವೆನ್ ಗ್ಯಾಡ್ಸನ್. ನಾವು ಟೀವಿ ಮುಂದೆ ಕೂತು ನೋಡುತ್ತಿದ್ದಂತೆ ಸ್ನೈಡರ್ ಚಿತ್ ಆದ. ಅಂಕದಲ್ಲಿ ಸೋತದ್ದಲ್ಲ, ಬೆನ್ನು ನೆಲಕ್ಕೆ ಹತ್ತಿ ಸೋತದ್ದು. ವಿಚಿತ್ರ ಎಂದರೆ, ಅದೇ ಕೂಟದಲ್ಲಿ ನಮ್ಮ ತಂಡ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಿತ್ತು. ಊರೆಲ್ಲ ಸಂಭ್ರಮ. ನಮ್ಮ ರೂಮಲ್ಲಿ ಮಾತ್ರ ಯಾರೋ ಹೋದಂಥ ಮೌನ.

ಹುಡುಗ ಕುಗ್ಗಿ ಹೋಗುತ್ತಾನೆ ಅಂದುಕೊಂಡೆ. ನಾನೇನು, ಎಲ್ಲರೂ ಹಾಗೇ ಅಂದುಕೊಂಡಿರಬೇಕು. ಆದರೆ ಆ ಬೇಸಿಗೆಯಲ್ಲೇ ಅವನು ಲಂಡನ್ ಒಲಿಂಪಿಕ್ಸ್ ಚಿನ್ನ ಗೆದ್ದಿದ್ದ ಜೇಕ್ ವಾರ್ನರ್‌ನನ್ನು ಸೋಲಿಸಿ ಅಮೆರಿಕ ತಂಡ ಸೇರಿದ. ಸೆಪ್ಟೆಂಬರ್‌ನಲ್ಲಿ ಲಾಸ್ ವೇಗಸ್‌ನ ವಿಶ್ವ ಚಾಂಪಿಯನ್‌ಶಿಪ್. ಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್, ರಷ್ಯಾದ ಗಡಿಸೊವ್. ಅಂಕ 5-5 ಸಮ. ಅಂಕ ಸಮ ಆದಾಗ ಗೆದ್ದವರನ್ನು ನಿರ್ಧರಿಸುವ ನಿಯಮದ ಪ್ರಕಾರ ಗೆಲುವು ಸ್ನೈಡರ್‌ಗೆ. ವಯಸ್ಸು ಹತ್ತೊಂಬತ್ತು. ಅಮೆರಿಕದ ಕುಸ್ತಿಯಲ್ಲಿ ಅಷ್ಟು ಚಿಕ್ಕ ವಯಸ್ಸಿನ ವಿಶ್ವ ಚಾಂಪಿಯನ್ ಅದುವರೆಗೆ ಇರಲಿಲ್ಲ.

ಇನ್ನು ಒಲಿಂಪಿಕ್ಸ್‌ವರೆಗೆ ಕಾಲೇಜು ಕಡೆ ತಿರುಗಿ ನೋಡೋಲ್ಲ ಅಂದುಕೊಂಡರೆ, ಚಳಿಗಾಲದ ನಡುವೆ ವಾಪಸ್ ಬಂದ! ಅದೂ ಹೆವಿವೇಟ್‌ಗೆ. ಎದುರಾಳಿಗಳು ಅವನಿಗಿಂತ ಎಷ್ಟೋ ಕೆ.ಜಿ. ಜಾಸ್ತಿ. 2016ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ರಾಷ್ಟ್ರೀಯ ಕಾಲೇಜು ಕುಸ್ತಿಯ ಫೈನಲ್‌ನಲ್ಲಿ, ಎರಡು ಸಲ ಚಾಂಪಿಯನ್ ಆಗಿದ್ದ ಗ್ವಿಯಾಜ್ಡೋಸ್ಕಿಯನ್ನು ಹೆಚ್ಚುವರಿ ಸಮಯದಲ್ಲಿ 7-5ರಿಂದ ಸೋಲಿಸಿದ. ನಾನು ಥೀಸಿಸ್ ಬರೆಯಬೇಕಿದ್ದ ರಾತ್ರಿ ಅದು. ಬರೆಯಲಿಲ್ಲ.

ಆಗಸ್ಟ್‌ನಲ್ಲಿ ರಿಯೊ. 97 ಕೆ.ಜಿ. ಫೈನಲ್‌ನಲ್ಲಿ ಅಜರ್‌ಬೈಜಾನ್‌ನ ಗಾಜ್ಯುಮೊವ್ ಮೇಲೆ 2-1. ಇಪ್ಪತ್ತು ವರ್ಷಕ್ಕೆ ಒಲಿಂಪಿಕ್ ಚಿನ್ನ. ಅದರ ಬಗ್ಗೆ ಪೇಪರಿನವರು ಬೇಕಾದಷ್ಟು ಬರೆದಿದ್ದಾರೆ.

ಆ ವರ್ಷ ದಸರೆಗೆ ಮೈಸೂರಿಗೆ ಬಂದಿದ್ದೆ. ರಾತ್ರಿ ಊಟ ಆದಮೇಲೆ ಮಾವನಿಗೆ ಕಥೆಯೆಲ್ಲ ಹೇಳಿ, ಲ್ಯಾಪ್‌ಟಾಪ್ ತೆರೆದು ರಿಯೊ ಪಂದ್ಯ ಹುಡುಕತೊಡಗಿದೆ. ಮಾವ ಕೈ ಅಡ್ಡ ಹಿಡಿದರು.

‘ಅದಿರ್ಲಿ ಬಿಡು. ಆ ಹುಡುಗ ಚಿತ್ ಆದ ಅಂದ್ಯಲ್ಲ, ಅದು ತೋರ್ಸು.’

ಹಾಕಿದೆ. ಕನ್ನಡಕ ಒರೆಸಿಕೊಂಡು ಪರದೆಯ ಹತ್ತಿರ ಬಾಗಿ ನೋಡಿದರು. ಮುಗಿದ ಮೇಲೂ ಏನೂ ಹೇಳಲಿಲ್ಲ. ಎಡಗೈ ತಾನಾಗಿ ಬಲಮುಂಗೈ ಹಿಡಿದಿತ್ತು, ಬಿಡಿಸಿಕೊಳ್ಳುವ ಪಟ್ಟು ಹುಡುಕುತ್ತಿರುವ ಹಾಗೆ.

‘ಇನ್ನೊಂದ್ಸಲ ಹಾಕು’ ಅಂದರು.