ಸಾಲಿಡ್ ಮೆಕ್ಯಾನಿಕ್ಸಾ? ಅದರಲ್ಲಿ ಇನ್ನೇನು ಉಳಿದಿದೆ?

"ಮೆಕ್ಯಾನಿಕಲ್ ಓದಿದ್ದೀರಿ, ಸರಿ. ಆದ್ರೆ ಸಾಲಿಡ್ ಮೆಕ್ಯಾನಿಕ್ಸ್‌ನಲ್ಲಿ ರಿಸರ್ಚ್ ಮಾಡೋಕೆ ಇನ್ನೇನು ಉಳಿದಿದೆ? ಎಲ್ಲಾ ಸಾಫ್ಟ್‌ವೇರೇ ಮಾಡುತ್ತಲ್ಲ?"

ಸಾಲಿಡ್ ಮೆಕ್ಯಾನಿಕ್ಸ್ ಎಂದರೆ ಘನವಸ್ತುಗಳು ಹೊರೆ ಬಿದ್ದಾಗ ಹೇಗೆ ಬಾಗುತ್ತವೆ, ಯಾವಾಗ ಮುರಿಯುತ್ತವೆ ಎಂಬುದರ ಅಧ್ಯಯನ. ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. "ಗಾಡಿ ಸದ್ದು ಮಾಡ್ತಿದೆ, ಸ್ವಲ್ಪ ನೋಡ್ತೀರಾ" ಎನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಅವರಿಗೆ ನಿಜವಾಗಿಯೂ ಸಹಾಯ ಬೇಕು. ಎಲ್ಲ ಮುಗಿದಿದೆ ಎಂದು ಮೊದಲೇ ತೀರ್ಪು ಕೊಟ್ಟು, ಆಮೇಲೆ ಪ್ರಶ್ನೆ ಕೇಳುವವರನ್ನು ಏನು ಮಾಡುವುದು?

ಸಾಫ್ಟ್‌ವೇರ್ ವಿಷಯಕ್ಕೇ ಬನ್ನಿ. ಒಳಮೂಲೆ ಚೂಪಾಗಿರುವ ಎಲ್ ಆಕಾರದ ಬ್ರಾಕೆಟ್ ಒಂದನ್ನು ಅದಕ್ಕೆ ಕೊಡಿ. ಲೆಕ್ಕಕ್ಕಾಗಿ ಅದು ಬ್ರಾಕೆಟನ್ನು ಸಣ್ಣ ತುಂಡುಗಳ ಜಾಲವಾಗಿ, ಅಂದರೆ ಮೆಶ್ ಆಗಿ, ಒಡೆಯುತ್ತದೆ. ಮೆಶ್ ಸಣ್ಣದು ಮಾಡಿದರೆ ಮೂಲೆಯಲ್ಲಿ ಸ್ಟ್ರೆಸ್ (ವಸ್ತುವಿನೊಳಗೆ ಅಷ್ಟಷ್ಟು ಜಾಗದ ಮೇಲೆ ಬೀಳುವ ಬಲ) ಏರುತ್ತದೆ. ಇನ್ನೂ ಸಣ್ಣದು ಮಾಡಿ, ಇನ್ನೂ ಏರುತ್ತದೆ. ಎಲ್ಲೂ ನಿಲ್ಲುವುದಿಲ್ಲ, ಏಕೆಂದರೆ ಸ್ಥಿತಿಸ್ಥಾಪಕತೆಯ ಗಣಿತದಲ್ಲಿ ಅಲ್ಲಿ ಸ್ಟ್ರೆಸ್ ಅನಂತ. ಹೊರಗೆ ಅಂಥದೇ ಬ್ರಾಕೆಟ್ ಭಾರ ಹೊತ್ತು ಸುಮ್ಮನೆ ನಿಂತಿರುತ್ತದೆ. ಹೆಚ್ಚು ಸ್ಟ್ರೆಸ್ ತೋರಿಸುವ ಪರದೆಯ ಕೆಂಪು ಕಲೆಗೆ ಹೆದರಬೇಕೋ ಬೇಡವೋ? ಅದನ್ನು ಮನುಷ್ಯನೇ ಹೇಳಬೇಕು. ಒಮ್ಮೆ ಒಬ್ಬರಿಗೆ ಇಷ್ಟನ್ನೂ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಹೊಸ ವರ್ಷನ್‌ನಲ್ಲಿ ಸರಿ ಮಾಡಿರ್ತಾರೆ ಬಿಡಿ" ಎಂದರು.

ಯಾರೂ ಕೇಳದ ಪ್ರಶ್ನೆಯೊಂದಿದೆ: ಇಷ್ಟೊಂದು ಬಿರುಕುಗಳಿದ್ದೂ ವಸ್ತುಗಳು ಮುರಿಯದೆ ಉಳಿಯುವುದು ಹೇಗೆ? ಕೇಳಿದರೆ ನಿಮ್ಮನ್ನು ಎದ್ದು ಹೋಗಲು ಬಿಡುವುದಿಲ್ಲ. ಅಗಲವಾದ ತಗಡಿನಲ್ಲಿ ಸಣ್ಣ ದುಂಡು ತೂತು ಕೊರೆದು ಎಳೆದರೆ ಅದರ ಅಂಚಿನಲ್ಲಿ ಸ್ಟ್ರೆಸ್ ತೂತಿನಿಂದ ದೂರದಲ್ಲಿರುವುದರ 3 ಪಟ್ಟು. ತೂತು ಬಿರುಕಿನಂತೆ ಚೂಪಾದಷ್ಟೂ ಈ ಪಟ್ಟು ಏರುತ್ತಲೇ ಹೋಗುತ್ತದೆಂದು 1913ರಲ್ಲಿ ಇಂಗ್ಲಿಸ್ ಎಂಬ ಎಂಜಿನಿಯರ್ ತೋರಿಸಿದ. ಆ ಲೆಕ್ಕ ನೋಡಿದರೆ ಕೂದಲೆಳೆಯಷ್ಟು ಬಿರುಕಿದ್ದರೂ ಎಲ್ಲವೂ ಒಡೆದು ಬೀಳಬೇಕಿತ್ತು. ಗಾಜು ಹಿಡಿದು ಕೂತ ಇನ್ನೊಬ್ಬ ಎಂಜಿನಿಯರ್ ಗ್ರಿಫಿತ್ 1921ರಲ್ಲಿ ಲೆಕ್ಕವನ್ನು ಸ್ಟ್ರೆಸ್‌ನಿಂದ ಶಕ್ತಿಗೆ ತಿರುಗಿಸಿದ. ಬಿರುಕು ಮುಂದೆ ಹೋದರೆ ಹೊಸ ಮೇಲ್ಮೈ ಹುಟ್ಟಬೇಕು, ಅದಕ್ಕೆ ಖರ್ಚಿದೆ. ವಸ್ತುವಿನೊಳಗೆ ಕೂಡಿಟ್ಟ ಶಕ್ತಿ ಬಿಡುಗಡೆಯಾಗಿ ಆ ಖರ್ಚನ್ನು ತೂಗಿಸಿದರಷ್ಟೇ ಬಿರುಕು ಓಡುತ್ತದೆ. ಬಾಗಬಲ್ಲ ಲೋಹಗಳಲ್ಲಂತೂ ಖರ್ಚು ವಿಪರೀತ, ಬಿರುಕಿನ ತುದಿಯ ಸುತ್ತ ಲೋಹವೇ ಶಾಶ್ವತವಾಗಿ ರೂಪಗೆಡಬೇಕು.

ಇದು ಒಂದು ಸಲದ ಹೊರೆಯ ಕಥೆ. ಅದೇ ಹೊರೆ ಮತ್ತೆ ಮತ್ತೆ ಬಂದು ಹೋದರೆ, ಚಿಕ್ಕದಾಗಿದ್ದರೂ, ಬಿರುಕು ಪ್ರತಿ ಸಲ ಒಂಚೂರು ಬೆಳೆಯಬಹುದು. 1954ರಲ್ಲಿ ಎರಡು ಕಾಮೆಟ್ ವಿಮಾನಗಳು ಆಕಾಶದಲ್ಲೇ ಒಡೆದದ್ದು ಇಂಥ ಫಟೀಗ್‌ನಿಂದ. ಉದ್ದದ ಬಿರುಕು ಬೆಳೆಯುವ ವೇಗಕ್ಕೆ ಪ್ಯಾರಿಸ್ ಎಂಬ ಎಂಜಿನಿಯರ್‌ನ ಹೆಸರಿನ ಸೂತ್ರವಿದೆ. ಲೋಹ ಸಣ್ಣ ಸಣ್ಣ ಹರಳುಗಳಿಂದಾದದ್ದು. ಅಂಥ ಒಂದು ಹರಳಿನಷ್ಟೇ ಇರುವ ಬಿರುಕು ಮಾತ್ರ ಆ ಸೂತ್ರಕ್ಕೆ ಬಗ್ಗುವುದಿಲ್ಲ: ನಿಲ್ಲಬೇಕಾದಲ್ಲಿ ಓಡುತ್ತದೆ, ಓಡುತ್ತಿದ್ದದ್ದು ಪಕ್ಕದ ಹರಳಿನ ಗಡಿಯಲ್ಲಿ ನಿಂತುಬಿಡುತ್ತದೆ. ಯಾವುದು ನಿಲ್ಲುತ್ತದೆ, ಯಾವುದು ದಾಟುತ್ತದೆ ಎಂದು ಮೊದಲೇ ಹೇಳುವ ಸಾಫ್ಟ್‌ವೇರ್ ನಿಮ್ಮ ಬಳಿಯಿದ್ದರೆ ದಯವಿಟ್ಟು ಕಳಿಸಿ. ನಾಳೆಯೇ ಬೇರೆ ಕೆಲಸ ಹುಡುಕಿಕೊಳ್ಳುತ್ತೇನೆ.