ನೆನಪಿನ ನಕ್ಷೆ: ಬೆರ್ರಿ ಹಾಳೆ ಮುಗಿಯಿತು, ಆಲೂಗಡ್ಡೆ ಹಾಳೆ ಶುರು

ಸ್ಟ್ರಾತ್‌ಮೋರ್ ನಕ್ಷೆಯ ಕೆಲಸ ಚೆನ್ನಾಗಿ ಸಾಗಿದೆ. ಬೇಸಿಗೆಯ ಬೆರ್ರಿ ತೋಟಗಳ ಹಾಳೆ ಪೂರ್ತಿಯಾಯಿತು. ಅಕ್ಟೋಬರ್‌ನ ಆಲೂಗಡ್ಡೆ ಹೊಲಗಳ ಹಾಳೆಗೆ ಈಗ ಶಾಯಿ ಹಚ್ಚುತ್ತಿದ್ದೇನೆ. ಟರ್ನಿಪ್ ಗೆಡ್ಡೆ ಕೊರೆದು ಮಾಡಿದ ದೀಪ ಹಿಡಿದು ಮಕ್ಕಳು ತಿರುಗುತ್ತಿದ್ದ ದಾರಿ ಇನ್ನೂ ಪೆನ್ಸಿಲ್‌ನಲ್ಲೇ ಇದೆ.

ಹೊಸದಾಗಿ ಓದುವವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಸ್ಕಾಟ್ಲೆಂಡಿನ ಪೂರ್ವದಲ್ಲಿ, ಸಿಡ್ಲಾ ಗುಡ್ಡಗಳಿಗೂ ಉತ್ತರದ ದೊಡ್ಡ ಬೆಟ್ಟಗಳಿಗೂ ನಡುವೆ ಇರುವ ಅಗಲವಾದ ಕಣಿವೆ ಸ್ಟ್ರಾತ್‌ಮೋರ್. ಬ್ಲೇರ್‌ಗೌರಿ, ಕೂಪರ್ ಆಂಗಸ್, ಕಿರಿಮ್ಯೂರ್ ಇಲ್ಲಿನ ಪೇಟೆಗಳು. ಮಣ್ಣು ಕೆಂಪು, ಕಿರಿಮ್ಯೂರ್‌ನ ಹಳೇ ಮನೆಗಳ ಕಲ್ಲೂ ಕೆಂಪು. ಐಲಾ ಹೊಳೆಯ ಆಸುಪಾಸಿನ ಹಳ್ಳಿಗಳಲ್ಲಿ 1940, 50ರ ದಶಕದಲ್ಲಿ ಬೆಳೆದ ಅಜ್ಜ ಅಜ್ಜಿಯರ ಜೊತೆ ಕೂತು, ಅವರು ಮಕ್ಕಳಾಗಿದ್ದಾಗ ಆ ಹಳ್ಳಿ ಹೇಗಿತ್ತು ಅಂತ ನಕ್ಷೆಯಲ್ಲಿ ಬರೆಯುವುದೇ ನನ್ನ ಕೆಲಸ. ನಾನು ಇಲ್ಲಿಗೆ ಬಂದು ನೆಲೆಸಿದವಳು. ಈ ಊರುಗಳ ಬಾಲ್ಯ ನನ್ನದಲ್ಲ. ಆದರೆ ಅವರು ಹೇಳುವುದನ್ನು ಕೇಳುತ್ತಾ ಕೂತರೆ ಎದ್ದು ಬರಲು ಮನಸ್ಸಾಗುವುದಿಲ್ಲ.

ಅಡಿಯಲ್ಲಿ ಇಟ್ಟುಕೊಳ್ಳುವ ಮೂಲ ನಕ್ಷೆಗೆ ತೊಂದರೆ ಏನೂ ಇಲ್ಲ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯವರ ಹಳೇ 1:2500 ಹಾಳೆಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ತನ್ನ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ 25 ಮೀಟರ್. ಒಂದೊಂದು ಮನೆ, ಬಾವಿ, ಕೈಪಂಪು ಸಹ ಅದರಲ್ಲಿದೆ. ನಾನು ಅದನ್ನು ಎರಡರಷ್ಟು ದೊಡ್ಡದು ಮಾಡಿ ಮುದ್ರಿಸಿ, ಮೇಲೆ ಟ್ರೇಸಿಂಗ್ ಪೇಪರ್ ಹಾಕುತ್ತೇನೆ. ಒಂದೊಂದು ಋತುವಿಗೆ ಒಂದೊಂದು ಹಾಳೆ. ಅಷ್ಟು ನಿಖರವಾದ ನಕ್ಷೆಯಲ್ಲೂ ಮಕ್ಕಳ ಹಳ್ಳಿ ಮಾತ್ರ ಇಲ್ಲ. ಶೂ ಪಾಲಿಶ್ ಡಬ್ಬಿ ತಳ್ಳುತ್ತಾ ಕುಂಟೆಬಿಲ್ಲೆ ಆಡಿದ ಚಪ್ಪಡಿಕಲ್ಲು ಯಾವುದು? ಹೊಳೆಯಲ್ಲಿ ಕಲ್ಲಿನಡಿ ಕೈ ಹಾಕಿ ಟ್ರೌಟ್ ಮೀನು ಹಿಡಿಯುತ್ತಿದ್ದ ಮಡು ಎಲ್ಲಿ? ಸರ್ವೆಯವರು ಯಾಕೆ ಕೇಳುತ್ತಾರೆ ಪಾಪ. ಅದನ್ನು ಈಗ ನಾವು ಕೇಳಬೇಕು. ಹೇಳುವವರು ಇನ್ನೂ ಇದ್ದಾರೆ.

ಬೆರ್ರಿ ಹಾಳೆಯಲ್ಲಿ ಬಣ್ಣ ಜಾಸ್ತಿ. ಬ್ಲೇರ್‌ಗೌರಿ ಸುತ್ತ ರಾಸ್ಪ್ಬೆರ್ರಿ ತೋಟಗಳು ತುಂಬಾ ಇದ್ದವು. ಇಲ್ಲಿ ಶಾಲೆಗೆ ಬೇಸಿಗೆ ರಜೆ ಶುರುವಾಗುವುದು ಜೂನ್ ಕೊನೆಗೆ, ಹಣ್ಣು ಕೆಂಪಾಗುವುದು ಜುಲೈನಲ್ಲಿ. ಹಾಗಾಗಿ ರಜೆ ಅಂದರೆ ಬೆರ್ರಿ ಕೀಳುವುದು ಅಂತಲೇ ಅರ್ಥ. ಸೊಂಟಕ್ಕೆ ಹುರಿ ಕಟ್ಟಿ, ಅದಕ್ಕೆ ಸಣ್ಣ ಬಕೆಟ್ ಸಿಕ್ಕಿಸಿಕೊಂಡರೆ ಎರಡೂ ಕೈ ಖಾಲಿ. ಎತ್ತರದ ಕಡ್ಡಿಗಳ ಸಾಲಿನಲ್ಲಿ ಮಕ್ಕಳು ಹೊಕ್ಕರೆ ಕಾಣುತ್ತಲೇ ಇರಲಿಲ್ಲವಂತೆ, ಧ್ವನಿ ಮಾತ್ರ ಕೇಳುತ್ತಿತ್ತು. ಬಕೆಟ್ ತುಂಬಿದರೆ ತೂಕದ ಜಾಗಕ್ಕೆ ಓಟ. ಪೌಂಡ್ ತೂಕದ ಲೆಕ್ಕದಲ್ಲಿ ದುಡ್ಡು. ತೂಕ ಹೆಚ್ಚಲಿ ಅಂತ ಅಡಿಯಲ್ಲಿ ನೀರು ಹಾಕಿದ ಹುಡುಗರ ಕಥೆ ಪ್ರತಿ ಹಳ್ಳಿಯಲ್ಲೂ ಇದೆ. ಡಂಡೀ ಪಟ್ಟಣದಿಂದ ಬಸ್ಸು, ಲಾರಿಗಳಲ್ಲಿ ಅಮ್ಮಂದಿರು ಮಕ್ಕಳನ್ನು ಕಟ್ಟಿಕೊಂಡು ಬರುತ್ತಿದ್ದರು. ಆ ದುಡ್ಡಿನಲ್ಲೇ ಆಗಸ್ಟ್‌ನಲ್ಲಿ ಶಾಲೆಗೆ ಹೊಸ ಶೂ ಬರುತ್ತಿತ್ತು.

ಒಬ್ಬ ಅಜ್ಜಿ ಹೇಳಿದ್ದನ್ನು ಹಾಗೇ ಬರೆದುಕೊಂಡಿದ್ದೇನೆ: "ಉಗುರಿನ ಸಂದಿಯ ಕೆಂಪು ಭಾನುವಾರ ಚರ್ಚಿಗೆ ಹೋದಾಗಲೂ ಹೋಗಿರುತ್ತಿರಲಿಲ್ಲ. ಅಕ್ಕಪಕ್ಕದ ಬೆಂಚಿನವರ ಕೈ ನೋಡಿದರೆ ಅವರದೂ ಹಾಗೇ." ಮಿಠಾಯಿ ಇಷ್ಟೇ ಕೊಳ್ಳಬೇಕು ಅನ್ನುವ ಯುದ್ಧಕಾಲದ ರೇಷನ್ ಬ್ರಿಟನ್ನಿನಲ್ಲಿ ಮುಗಿದದ್ದು 1953ರ ಫೆಬ್ರವರಿಯಲ್ಲಿ. ಆ ಬೇಸಿಗೆಯ ಬೆರ್ರಿ ದುಡ್ಡು ಅವರ ಕೈಯಲ್ಲಿ ಒಂದು ದಿನವೂ ನಿಲ್ಲಲಿಲ್ಲವಂತೆ. ಅಂಗಡಿಯ ಗಾಜಿನ ಜಾಡಿಗಳು ಯಾವ ಕ್ರಮದಲ್ಲಿದ್ದವು ಅಂತ ಎಡದಿಂದ ಬಲಕ್ಕೆ ಹೇಳಿದರು. ಹಾಳೆಯ ಅಂಚಿನಲ್ಲಿ ಆ ಜಾಡಿಗಳನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ.

ತೋಟಗಳ ಅಂಚಿನಲ್ಲಿ ಕಮಾನಿನಂಥ ಸಣ್ಣ ಗುರುತುಗಳಿವೆ. ಅವು ಊರೂರು ಅಲೆದು ಬದುಕುತ್ತಿದ್ದ ಟ್ರಾವೆಲರ್ ಜನರ ಗುಡಾರಗಳು. ಹೇಜಲ್ ಕೋಲುಗಳನ್ನು ಬಾಗಿಸಿ ನೆಲಕ್ಕೆ ನೆಟ್ಟು, ಮೇಲೆ ಟಾರ್ಪಾಲು ಹೊದಿಸುತ್ತಿದ್ದರು. ಬೆರ್ರಿ ಕೀಳಲು ಅವರು ಪ್ರತಿ ವರ್ಷ ಬರುತ್ತಿದ್ದರು. ಆ ಕಡೆ ಹೋಗಬೇಡಿ ಅಂತ ಹಳ್ಳಿಯ ದೊಡ್ಡವರು ಮಕ್ಕಳಿಗೆ ಗದರುತ್ತಿದ್ದರಂತೆ. ಮಕ್ಕಳು ಹೋಗುತ್ತಿದ್ದರು, ಅಲ್ಲಿ ಬೆಂಕಿ ಸುತ್ತ ಹಾಡು, ಕಥೆ ನಡೆಯುತ್ತಿತ್ತಲ್ಲ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1951ರಲ್ಲಿ ಶುರುವಾದ ಸ್ಕೂಲ್ ಆಫ್ ಸ್ಕಾಟಿಷ್ ಸ್ಟಡೀಸ್‌ನ ಹೇಮಿಷ್ ಹೆಂಡರ್ಸನ್ 1950ರ ದಶಕದ ಮಧ್ಯದಲ್ಲಿ ಟೇಪ್ ರೆಕಾರ್ಡರ್ ಹೊತ್ತು ಬಂದದ್ದು ಇದೇ ತೋಟಗಳಿಗೆ. ಅವರು ಹಿಡಿದಿಟ್ಟ ಹಾಡು, ಕಥೆಗಳು ಇಂದು ಈ ದೇಶದ ಆಸ್ತಿ. ಹೋಗಬೇಡಿ ಅನ್ನಿಸಿಕೊಂಡ ಜಾಗದಲ್ಲೇ ಅಷ್ಟು ದೊಡ್ಡ ಸಂಪತ್ತಿತ್ತು. ಹಾಗಾಗಿ ಆ ಗುಡಾರಗಳಿಗೆ ತೋಟಗಳಷ್ಟೇ ದಪ್ಪ ಶಾಯಿ ಹಾಕಿದ್ದೇನೆ.

ಈಗ ಆಲೂಗಡ್ಡೆ ಹಾಳೆ. ಅಕ್ಟೋಬರ್ ರಜೆಗೆ ಇಲ್ಲಿನ ಜನ ಇವತ್ತಿಗೂ ಟ್ಯಾಟಿ ರಜೆ ಅಂತಲೇ ಅನ್ನುತ್ತಾರೆ. ಟ್ಯಾಟಿ ಅಂದರೆ ಆಲೂಗಡ್ಡೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಆಲೂಗಡ್ಡೆ ಕೀಳಲು ಮಕ್ಕಳಿಗೆ ಶಾಲೆಯಿಂದ ವಿನಾಯಿತಿ ಸಿಗುತ್ತಿತ್ತು. ಯುದ್ಧ ಮುಗಿದ ಮೇಲೂ ಅದು ವರ್ಷಗಟ್ಟಲೆ ನಡೆಯಿತು. ದೊಡ್ಡ ಕಟಾವು ಯಂತ್ರಗಳು ಬಂದ ಮೇಲೆ ಮಕ್ಕಳ ಕೆಲಸ ಹೋಯಿತು, ರಜೆ ಉಳಿಯಿತು.

ಕೆಲಸದ ರೀತಿ ಹೀಗಿತ್ತು. ಟ್ರ್ಯಾಕ್ಟರಿಗೆ ಕಟ್ಟಿದ ಯಂತ್ರ ಒಂದು ಸಾಲನ್ನು ಬಗೆದು ಗಡ್ಡೆಗಳನ್ನು ಪಕ್ಕಕ್ಕೆ ಎರಚುತ್ತಾ ಹೋಗುತ್ತದೆ. ಸಾಲಿನ ಉದ್ದಕ್ಕೂ ಆಳುಗಳು ನಿಂತಿರುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ನೆಲ. ಅದರ ಹೆಸರು ಬಿಟ್. ಬೆಳಿಗ್ಗೆ ಮೇಸ್ತ್ರಿ ಹೆಜ್ಜೆ ಹಾಕಿ ಅಳೆದು ಕಡ್ಡಿ ನೆಡುತ್ತಾನೆ. ಸಣ್ಣ ಮಕ್ಕಳಿಗೆ ಅರ್ಧ ಬಿಟ್. ಯಂತ್ರ ಮತ್ತೆ ಬರುವುದರೊಳಗೆ ನಿಮ್ಮ ಪಾಲಿನದನ್ನು ಬುಟ್ಟಿಗೆ ತುಂಬಿರಬೇಕು. ಬಾರದಿದ್ದರೆ ಚೆನ್ನ ಅಂತ ಎಲ್ಲರೂ ಬೇಡಿಕೊಳ್ಳುತ್ತಿದ್ದರಂತೆ. ಯಂತ್ರ ಕೆಟ್ಟು ನಿಂತರೆ ಹೊಲಕ್ಕೆ ಹೊಲವೇ ಕೇಕೆ.

ಒಬ್ಬ ಅಜ್ಜ ನನ್ನನ್ನು ಹೊಲದ ಅಂಚಿಗೇ ಕರೆದುಕೊಂಡು ಹೋದರು. ಕೈಕೋಲು ಬೇಲಿಗೆ ಒರಗಿಸಿ, ಮೇಸ್ತ್ರಿಯ ಹಾಗೆ ಉದ್ದುದ್ದ ಹೆಜ್ಜೆ ಹಾಕಿ ತಮ್ಮ ಅರ್ಧ ಬಿಟ್ ತೋರಿಸಿದರು. ಆಮೇಲೆ ಸುಮ್ನೆ ನಿಂತರು. "ಇಷ್ಟೇನಾ? ಆಗ ಇದರ ತುದಿಯೇ ಕಾಣುತ್ತಿರಲಿಲ್ಲ" ಅಂದರು. ನಾನು ಟೇಪ್ ಹಿಡಿದು ಅಳೆದೆ. ಆ ಅಳತೆಯೇ ಈಗ ಈ ಹಾಳೆಯ ಸ್ಕೇಲ್ ಪಟ್ಟಿ. ಮೀಟರ್ ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿ ಇದೆ: ಸೊನ್ನೆ, ಅರ್ಧ ಬಿಟ್, ಒಂದು ಬಿಟ್. ಶಾಲೆಯಿಂದ ಹೊಳೆಗೆ ಎಷ್ಟು ದೂರ ಅಂತ ಈ ಹಾಳೆಯಲ್ಲಿ ಬಿಟ್ ಲೆಕ್ಕದಲ್ಲಿ ನೋಡಬಹುದು. ಈ ಇಡೀ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ಇದು.

ಊಟದ ಹೊತ್ತಿಗೆ ಬದುವಿನ ಮೇಲೆ ಜಾಮ್ ಹಚ್ಚಿದ ಬ್ರೆಡ್ಡು, ಉಣ್ಣೆ ಕಾಲುಚೀಲದೊಳಗೆ ಬೆಚ್ಚಗೆ ತುರುಕಿದ ಬಾಟಲಿಯಲ್ಲಿ ಚಹಾ. ಸಂಜೆ ಮನೆಗೆ ಒಯ್ಯಲು ಒಂದು ಬಕೆಟ್ ಆಲೂಗಡ್ಡೆ. ಬೆನ್ನು ನೋವಿನ ಮಾತು ಎಲ್ಲರೂ ಆಡುತ್ತಾರೆ. ಆದರೆ ಆ ಮಾತು ಆಡುವಾಗ ಅವರ ಮುಖದಲ್ಲಿ ಬೇಸರ ಕಾಣಿಸುವುದಿಲ್ಲ. ತಮ್ಮ ಕೈಯಾರೆ ದುಡಿದ ದುಡ್ಡು ಅಮ್ಮನ ಕೈಗೆ ಕೊಟ್ಟ ಹೆಮ್ಮೆ ಅದು ಅಂತ ನನಗನ್ನಿಸುತ್ತದೆ.

ಟರ್ನಿಪ್ ದೀಪದ ದಾರಿಗೆ ಅಕ್ಟೋಬರ್ 31ರ, ಅಂದರೆ ಹ್ಯಾಲೋವೀನ್ ಹಬ್ಬದ, ರಾತ್ರಿಯದೇ ಒಂದು ಸಣ್ಣ ಹಾಳೆ. ಅವತ್ತು ಮಕ್ಕಳು ವೇಷ ಹಾಕಿ ಮನೆ ಮನೆಗೆ ಹೋಗುತ್ತಿದ್ದರು. ಸುಮ್ಮನೆ ಕೈ ಚಾಚಿದರೆ ಏನೂ ಸಿಗುತ್ತಿರಲಿಲ್ಲ. ಒಂದು ಹಾಡೋ ಪದ್ಯವೋ ಒಪ್ಪಿಸಬೇಕು, ಆಮೇಲೆ ಸೇಬು, ಕಡಲೆಕಾಯಿ. ದೀಪಕ್ಕೆ ಕುಂಬಳಕಾಯಿ ಕೊರೆಯುವುದು ಈಚೆಗೆ ಬಂದದ್ದು. ಆಗೆಲ್ಲ ಹೊಲದಿಂದ ಎಗರಿಸಿದ ಟರ್ನಿಪ್ಪೇ. ಅಜ್ಜಿಯೊಬ್ಬರ ಅಡುಗೆಮನೆಯಲ್ಲಿ ಕೂತು ನಾವಿಬ್ಬರೂ ಒಂದನ್ನು ಕೊರೆದೆವು. ಮೇಲಿನ ಭಾಗ ಕತ್ತರಿಸಿ ಮುಚ್ಚಳ ಮಾಡಿ, ಹಳದಿ ತಿರುಳನ್ನು ಚಮಚದಿಂದ ಕೆರೆಯುತ್ತಾ ಹೋಗಬೇಕು. ಅದು ಕಲ್ಲಿನಷ್ಟು ಗಟ್ಟಿ, ಹಳೇ ದಪ್ಪ ಚಮಚವೇ ಬೇಕು. ಗೋಡೆ ತೆಳುವಾದಷ್ಟೂ ಬೆಳಕು ಚೆನ್ನ. ಮೋಂಬತ್ತಿ ಹಚ್ಚಿ ಮುಚ್ಚಳ ಇಟ್ಟ ಕೂಡಲೇ ಅದರ ಒಳಭಾಗ ಸೀದು ಸಿಹಿ ಸಿಹಿಯಾದ ಒಂದು ಕಮಟು ವಾಸನೆ ಎದ್ದಿತು. ಅಜ್ಜಿ ಅದನ್ನು ಮೂಗಿಗೆ ಎಳೆದುಕೊಂಡವರೇ, ಮೊದಲ ಮನೆಯಿಂದ ಕೊನೆಯ ಮನೆವರೆಗೆ ಯಾರು ಏನು ಕೊಡುತ್ತಿದ್ದರು ಅಂತ ಒಂದೇ ಉಸಿರಿಗೆ ಹೇಳಿಬಿಟ್ಟರು. ಹಿಂದೆ ಎಷ್ಟು ಕೇಳಿದರೂ ನೆನಪಾಗದ ಮನೆಗಳೂ ಬಂದವು. ಈಗ ಹಾಳೆಯಲ್ಲಿ ಮನೆಗೊಂದು ಚಿಹ್ನೆ ಇದೆ.

ಬಾಕಿ ಕೆಲಸ: ಬ್ರೆಡ್ಡು, ಮೀನು, ದಿನಸಿ ತರುತ್ತಿದ್ದ ವ್ಯಾನುಗಳ ಹಾರ್ನ್ ಎಲ್ಲಿವರೆಗೆ ಕೇಳುತ್ತಿತ್ತು ಅಂತ ವೃತ್ತ ಎಳೆಯಬೇಕು. 1967ರಲ್ಲಿ ಪ್ರಯಾಣಿಕರಿಗೆ ಮುಚ್ಚಿಹೋದ ಸ್ಟ್ರಾತ್‌ಮೋರ್ ರೈಲು ದಾರಿಯನ್ನೂ ಹಾಕಬೇಕು, ಗಾರ್ಡಿಗೆ ಕೈಬೀಸಲು ಮಕ್ಕಳು ನಿಲ್ಲುತ್ತಿದ್ದ ಸೇತುವೆ ಸಮೇತ. ಚಳಿಗಾಲದ ಹಾಳೆಯಲ್ಲಿ ಸ್ಲೆಡ್ಜ್ ಜಾರುತ್ತಿದ್ದ ಇಳಿಜಾರು ಯಾವುದು ಅನ್ನುವುದಕ್ಕೆ ಅಣ್ಣ ತಂಗಿ ಇಬ್ಬರದೂ ಬೇರೆ ಬೇರೆ ಉತ್ತರ. ಅಣ್ಣ ಚರ್ಚಿನ ಹಿಂದೆ ಅನ್ನುತ್ತಾರೆ, ತಂಗಿ ಗಿರಣಿಯ ಮೇಲುಗಡೆ ಅನ್ನುತ್ತಾರೆ. ಸದ್ಯಕ್ಕೆ ಎರಡನ್ನೂ ಚುಕ್ಕೆ ಗೆರೆಯಲ್ಲಿ ಹಾಕಿದ್ದೇನೆ. ಮಳೆ ಬಿಟ್ಟ ಕೂಡಲೇ ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಎರಡೂ ಕಡೆ ಹೋಗಿ ಬರುವುದು ಅಂತ ಮಾತಾಗಿದೆ.