ಹಲಸಿನ ಬಟ್ಟಲು: ಐದು ತಿಂಗಳು ಕಾದಿದ್ದಕ್ಕೆ ಸಿಕ್ಕಿದ್ದು

ಬಟ್ಟಲು ಅಂತೂ ಆಯಿತು. ಆಳ ಮಾತ್ರ ಅಂದುಕೊಂಡಷ್ಟಿಲ್ಲ.

ಮಳೆಗಾಲದಲ್ಲಿ ಊರಲ್ಲಿ ಹಲಸಿನ ದೊಡ್ಡ ಕೊಂಬೆ ಮುರಿದು ಬಿದ್ದಿತ್ತು. ಅದು ಸೌದೆ ಕೊಟ್ಟಿಗೆ ಸೇರುವ ಮೊದಲೇ ಒಂದು ತುಂಡು ಎತ್ತಿಕೊಂಡು, ಕೊಯ್ದ ತುದಿಗಳಿಗೆ ಮೇಣ ಕಾಯಿಸಿ ಬಳಿದೆ. ಮರ ಬೇಗ ಒಣಗುವುದೂ ಸೀಳುವುದೂ ತುದಿಯಿಂದಲೇ. ಉದ್ದಕ್ಕೆ ಎರಡು ಹೋಳು ಮಾಡಿ, ಒಂದನ್ನು 7 ಇಂಚಿನ ಗುಂಡಗೆ ಕತ್ತರಿಸಿ, ಹಸಿಯಾಗಿದ್ದಾಗಲೇ ಲೇತಿಗೆ (ಮರವನ್ನು ಗಿರಗಿರ ತಿರುಗಿಸುವ ಯಂತ್ರ) ಹಾಕಿ ಉಳಿಯಿಂದ ಒರಟಾಗಿ ಕಡೆದೆ. ಗೋಡೆ ಮುಕ್ಕಾಲು ಇಂಚು ದಪ್ಪ ಬಿಟ್ಟೆ. ಅಗಲದ ಹತ್ತನೇ ಒಂದು ಭಾಗ ಅಂತ ಒಂದು ಲೆಕ್ಕ ಇದೆ. ಆಮೇಲೆ ನ್ಯೂಸ್‌ಪೇಪರಿನಲ್ಲಿ ಸುತ್ತಿ, ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗುತ್ತಿದ್ದೆ. ತೂಕ ಇಳಿಯುವುದು ನಿಲ್ಲಲು ಐದು ತಿಂಗಳು ಬೇಕಾಯಿತು. ಬಿಚ್ಚಿ ನೋಡಿದರೆ ಗುಂಡಗಿದ್ದದ್ದು ಮೊಟ್ಟೆಯಾಗಿತ್ತು. ಮರ ನಾರಿನ ಎಳೆಗೆ ಅಡ್ಡವಾಗಿ ಜಾಸ್ತಿ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮತ್ತೆ ಗುಂಡಗೆ ಕಡೆಯಲು ಮರ ಉಳಿಯಲಿ ಅಂತಲೇ ಆ ದಪ್ಪ.

ಕಳೆದ ಭಾನುವಾರ ಮತ್ತೆ ಲೇತಿಗೆ ಏರಿಸಿದೆ. ಮೊಟ್ಟೆ ಆಕಾರ ಹೋಗುವ ತನಕ ನಿಮಿಷಕ್ಕೆ 500 ಸುತ್ತು ದಾಟಲಿಲ್ಲ, ಆದರೂ ಟೇಬಲ್ ಗಡಗಡ ಅಂತಿತ್ತು.

ಚನ್ನಪಟ್ಟಣದ ಗೊಂಬೆ ಕಡೆಯುವವರನ್ನು ನೋಡಿದಾಗ ಎಷ್ಟು ಸಲೀಸು ಅನ್ನಿಸಿತ್ತು! ಆಲೆಮರ ತಿರುಗುತ್ತಿರುತ್ತದೆ, ಉಳಿ ಇಟ್ಟರೆ ಬೆಣ್ಣೆ ಹಾಗೆ ಬರುತ್ತದೆ, ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಬಣ್ಣ ಹಿಡಿಯುತ್ತದೆ. ಕೈಪಳಗಿದ ಮಾತು ಬೇರೆ, ಬಿಡಿ. ಆದರೆ ಅಲ್ಲಿ ಸಾಮಾನ್ಯವಾಗಿ ಮರದ ಎಳೆ ಲೇತಿನ ಉದ್ದಕ್ಕೇ ಇರುತ್ತದೆ. ಬಟ್ಟಲಿನಲ್ಲಿ ಎಳೆ ಅಡ್ಡ. ಹಾಗಾಗಿ ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಸಲ ಉಳಿಗೆ ಎಳೆಯ ತುದಿ ಎದುರಾಗುತ್ತದೆ, ಎರಡು ಸಲ ಪಕ್ಕ. ಹೊರಮೈಯನ್ನು ತಳದಿಂದ ಅಂಚಿಗೆ, ಒಳಮೈಯನ್ನು ಅಂಚಿನಿಂದ ನಡುವಿಗೆ ಕಡೆಯಬೇಕು. ತಿರುಗಾಮುರುಗಾ ಆದರೆ ಎಳೆ ಕಿತ್ತು ಬರುತ್ತದೆ.

ಇಷ್ಟೆಲ್ಲಾ ಗೊತ್ತಿದ್ದೂ ಎಡವಟ್ಟಾಯಿತು. ಒಳಗೆ ಚೆನ್ನಾಗಿ ಸಾಗುತ್ತಿತ್ತು, ಹಳದಿ ಸುರುಳಿ ಉದ್ದುದ್ದ ಬಂದು ತೋಳಿಗೆ ಸುತ್ತಿಕೊಳ್ಳುತ್ತಿತ್ತು, ಖುಷಿಯಲ್ಲಿ ಸುಮ್ನೆ ಅಂಚಿಗೆ ಇನ್ನೊಂದು ಕೈ ಕೊಡೋಣ ಅಂತ ಹೋದೆ. ಅಷ್ಟೊತ್ತಿಗೆ ಗೋಡೆ ತೆಳ್ಳಗಾಗಿ ನಡುಗುತ್ತಿತ್ತು. ಉಳಿಯ ಮೊನೆಯ ಹಿಂದಿನ ಇಳಿಜಾರು ಮೊದಲು ಮರಕ್ಕೆ ಒರಗಬೇಕು, ಅದಕ್ಕಿಂತ ಮುಂಚೆಯೇ ಮೊನೆ ತಾಗಿತು. ಫಟ್! ಬೆರಳಗಲದ ಚಕ್ಕೆ ಹಾರಿ ಮುಖದ ಶೀಲ್ಡಿಗೆ ಬಡಿಯಿತು. ಶೀಲ್ಡ್ ಹಾಕದೆ ಲೇತ್ ಮುಂದೆ ನಿಲ್ಲಬೇಡಿ, ಪ್ಲೀಸ್.

ಅಂಚನ್ನೇ ಮುಕ್ಕಾಲು ಇಂಚು ಇಳಿಸಿದೆ. ಸಾರಿನ ಬಟ್ಟಲು ಆಗಬೇಕಿದ್ದದ್ದು ಕೋಸಂಬರಿ ಬಟ್ಟಲಾಯಿತು. ಉಪ್ಪುಕಾಗದ ಒರಟು 80ರಿಂದ ನುಣುಪು 320ರವರೆಗೆ. ಮೇಲೆ ಅಗಸೆ ಎಣ್ಣೆ, ಬಣ್ಣದ ಅಂಗಡಿಯದಲ್ಲ, ತಿನ್ನುವಂಥದ್ದು. ನಿಧಾನಕ್ಕೆ ಗಟ್ಟಿಯಾಗುತ್ತದೆ. ಕೊಬ್ಬರಿ ಎಣ್ಣೆ ಹಾಗಾಗುವುದಿಲ್ಲ. ಈಗ ನಿಂಬೆಹಳದಿ ಬಣ್ಣ, ಬೆಳಕಿಗೆ ಇಟ್ಟಷ್ಟೂ ಕಂದು ತಿರುಗುತ್ತದೆ. ಅಜ್ಜಿ ಮನೆ ಬಾಗಿಲಿನ ಬಣ್ಣ ಬರಲು ಎಷ್ಟು ವರ್ಷ ಬೇಕೋ.

ಕೊಂಬೆಯ ಇನ್ನೊಂದು ಹೋಳನ್ನೂ ಒರಟಾಗಿ ಕಡೆದು ಮಂಚದ ಕೆಳಗಿಟ್ಟಿದ್ದೇನೆ. ಇವತ್ತಿನ ತೂಕ 612 ಗ್ರಾಂ, ಹೋದ ವಾರ 631.